ನಾಯಕನು ಸಂಸ್ಥೆಯ ಹೃದಯವೇ?

ಕಾಲೇಜಿನ ವಾರ್ಷಿಕೋತ್ಸವವಾಗಲಿ, ಸಹಕಾರ ಸಂಘದ ಸರ್ವಸದಸ್ಯರ ಸಭೆಯಾಗಲಿ, ವೇದಿಕೆಯನ್ನೇರಿದ ಭಾಷಣಕಾರರು ತಪ್ಪದೆ ಆಡುವ ಮಾತೊಂದುಂಟು: “ಸಂಸ್ಥೆಗೆ ಅದರ ನಾಯಕನೇ ಹೃದಯ.” ಸಭಿಕರು ಕೈ ತಟ್ಟುತ್ತಾರೆ, ಅಧ್ಯಕ್ಷರ ಕೊರಳಿಗೆ ಹಾರ ಬೀಳುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ವಿಜ್ಞಾನದ ವಿದ್ಯಾರ್ಥಿಗಾದರೋ ಮಾತು ಅಲ್ಲಿಂದ ಮೊದಲಾಗಬೇಕು. ಹೃದಯವು ನಿಜವಾಗಿ ನಡೆಯುವುದು ಹೇಗೆ? ಅದರಲ್ಲಿ ನಾಯಕನೆಂಬುವನು ಉಂಟೆ? ಇದ್ದರೆ ಅವನಿಗೆ ಆ ಪದವಿ ಬಂದುದು ಹೇಗೆ? ಸಂಸ್ಥೆಯ ಏಳಿಗೆಗೆ ನಾಯಕನೇ ಕಾರಣನೆನ್ನುವವರು ಅದನ್ನು ಅಳೆದು ನೋಡಿದ್ದಾರೆಯೆ?

ಈ ಪ್ರಶ್ನೆಗಳನ್ನು ಕುರಿತು ಎರಡು ಬೇರೆ ಬೇರೆ ಶಾಸ್ತ್ರಗಳು ದೀರ್ಘಕಾಲದಿಂದ ದುಡಿಯುತ್ತಿವೆ. ಹೃದಯದ ಲಯವನ್ನೂ ಅದರ ದೋಷಗಳನ್ನೂ ಕುರಿತ ಸಂಶೋಧನೆ ಒಂದು. ಅದರಲ್ಲಿ ವೈದ್ಯರು, ಶರೀರಶಾಸ್ತ್ರಜ್ಞರು, ಭೌತವಿಜ್ಞಾನಿಗಳು ಕೂಡಿದ್ದಾರೆ. ಸಂಸ್ಥೆಗಳ ನಾಯಕತ್ವವನ್ನು ಕುರಿತ ಸಂಶೋಧನೆ ಇನ್ನೊಂದು. ಅದು ಮನಶ್ಶಾಸ್ತ್ರದ ಪ್ರಯೋಗಶಾಲೆಗಳಲ್ಲಿಯೂ, ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನಂತಹ ವಿದ್ಯಾಲಯಗಳಲ್ಲಿಯೂ ನಡೆಯುವಂಥದು. ಒಂದರ ಅಂಗಳಕ್ಕೆ ಇನ್ನೊಂದು ಕಾಲಿಡುವುದು ಅಪೂರ್ವ. ಆದರೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ತರುಣರಿಗೆ ಬೆಲೆಯುಳ್ಳ ಪಾಠವೊಂದು ದೊರೆಯುವುದೆಂದು ನಾವು ನಂಬುತ್ತೇವೆ. ಆ ಪಾಠವಿದು: ಯಾವ ಔಷಧಿಗಾಗಲಿ, ಯಾವ ನಾಯಕನಿಗಾಗಲಿ, ಹೋಲಿಸಿ ನೋಡದೆ ಕೀರ್ತಿಯನ್ನು ಕೊಡಬಾರದು, ಹೋಲಿಸಿ ನೋಡದೆ ಅಪಕೀರ್ತಿಯನ್ನು ಹೊರಿಸಲೂ ಬಾರದು.

ಕರಟದ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ತೆಂಗಿನ ಕರಟವಿಲ್ಲದ ಮನೆಯಿಲ್ಲ. ಹೃದಯವನ್ನು ಅರಿಯಲು ಬೇಕಾದ ಮೊದಲನೆಯ ಉಪಕರಣ ಅದೇ ಆಗಲಿ.

ಗಡಿಯಾರಗಳು ಬರುವುದಕ್ಕೆ ಮೊದಲು ನಮ್ಮ ಹಿರಿಯರು ಗಳಿಗೆ ಬಟ್ಟಲಿನಿಂದ ಕಾಲವನ್ನು ಅಳೆಯುತ್ತಿದ್ದರು. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ನೀರು ಮೆಲ್ಲಮೆಲ್ಲನೆ ಒಳಕ್ಕೆ ಜಿನುಗಿ, ಒಂದು ಮಟ್ಟವನ್ನು ಮುಟ್ಟಿದೊಡನೆ ಬಟ್ಟಲು ತಟ್ಟನೆ ಮುಳುಗುತ್ತಿತ್ತು. ಅದಕ್ಕೆ ಹಿಡಿಯುತ್ತಿದ್ದ ೨೪ ನಿಮಿಷಗಳ ಕಾಲವೇ ಒಂದು ಗಳಿಗೆ. ದಿನಕ್ಕೆ ಅಂತಹವು ೬೦. ನಿಧಾನವಾಗಿ ತುಂಬುವುದು, ಥಟ್ಟನೆ ಬರಿದಾಗುವುದು, ಮತ್ತೆ ಮೊದಲಿನಿಂದ ತುಂಬುವುದು: ಈ ಬಗೆಯ ಆವರ್ತನೆಯನ್ನು ಚೆನ್ನಾಗಿ ನೆನಪಿಡಬೇಕು.

ಈಗ ಮೂರು ಕರಟಗಳನ್ನು ತೆಗೆದುಕೊಂಡು, ಒಂದಕ್ಕೆ ದೊಡ್ಡ ರಂಧ್ರ, ಎರಡನೆಯದಕ್ಕೆ ಅದಕ್ಕಿಂತ ಚಿಕ್ಕದು, ಮೂರನೆಯದಕ್ಕೆ ಮತ್ತೂ ಚಿಕ್ಕದು ಕೊರೆಯಿರಿ. ಮೂರನ್ನೂ ನೀರು ತುಂಬಿದ ತೊಟ್ಟಿಯಲ್ಲಿ ತೇಲಬಿಡಿ. ಕರಟವು ಹಗುರವಾಗಿ ಮುಳುಗದಿದ್ದರೆ ಒಳಗೊಂದು ಸಣ್ಣ ಕಲ್ಲನ್ನಿಡಿ. ನಿಯಮ ಒಂದೇ: ಯಾವುದೇ ಕರಟ ಮುಳುಗಿದೊಡನೆ ಮೂರನ್ನೂ ಬರಿದುಮಾಡಿ, ಒಮ್ಮೆಗೇ ಮತ್ತೆ ತೇಲಬಿಡಬೇಕು. ಏನಾಗುತ್ತದೆ? ಪ್ರತಿ ಸಲವೂ ಮುಳುಗುವುದು ದೊಡ್ಡ ರಂಧ್ರದ ಕರಟವೇ. ಉಳಿದೆರಡು ತಮ್ಮ ಪಾಲಿನ ನೀರು ತುಂಬುವ ಮೊದಲೇ ಬರಿದಾಗುತ್ತವೆ. ದೂರದಿಂದ ನೋಡುವವನಿಗೆ ಮೂರೂ ಒಂದೇ ಲಯದಲ್ಲಿ ನಡೆಯುವಂತೆ ತೋರುತ್ತದೆ. ಇನ್ನು ದೊಡ್ಡ ರಂಧ್ರವನ್ನು ಮೇಣದಿಂದ ಮುಚ್ಚಿಬಿಡಿ. ಆಟ ನಿಲ್ಲುವುದಿಲ್ಲ, ಎರಡನೆಯ ಕರಟ ಮುಂದಾಳುತನವನ್ನು ವಹಿಸುತ್ತದೆ, ಲಯ ಮಾತ್ರ ನಿಧಾನವಾಗುತ್ತದೆ. ಅದನ್ನೂ ಮುಚ್ಚಿದರೆ ಮೂರನೆಯದು ಇದ್ದೇ ಇದೆ.

ಹೃದಯದ ವ್ಯವಸ್ಥೆಯೂ ಬಹುಮಟ್ಟಿಗೆ ಹೀಗೆಯೇ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ಒಂದು ಚಿಕ್ಕ ಅಂಗಾಂಶವಿದೆ. ಅದರ ಕೋಶಗಳ ಪೊರೆಯ ಒಳಹೊರಗಿನ ವಿದ್ಯುತ್ ಅಂತರವು ಸುಮಾರು –೬೦ ಮಿಲಿವೋಲ್ಟಿನಿಂದ –೪೦ ಮಿಲಿವೋಲ್ಟಿನವರೆಗೆ ತನ್ನಷ್ಟಕ್ಕೆ ತಾನೇ ಏರುತ್ತದೆ. ಇದು ನೀರು ಜಿನುಗುವ ಹಂತ. ಆ ಮಿತಿಯನ್ನು ಮುಟ್ಟಿದೊಡನೆ ಕೋಶವು ವಿದ್ಯುತ್ ಸ್ಪಂದವೊಂದನ್ನು ಹೊರಡಿಸುತ್ತದೆ. ಇದು ಕರಟ ಮುಳುಗುವ ಹಂತ. ಸ್ಪಂದವು ಹೃದಯವನ್ನೆಲ್ಲ ವ್ಯಾಪಿಸಿ, ಉಳಿದ ಕೋಶಗಳನ್ನೂ ಪ್ರಚೋದಿಸಿ, ಎಲ್ಲವನ್ನೂ ಮತ್ತೆ ಆರಂಭದ ಸ್ಥಿತಿಗೆ ತರುತ್ತದೆ. ಸೈನಸ್ ಗಂಟಿನ ಸಹಜವೇಗ ನಿಮಿಷಕ್ಕೆ ೬೦ರಿಂದ ೧೦೦. ಅದು ಸೋತರೆ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಗಂಟು ೪೦ರಿಂದ ೬೦ರ ವೇಗದಲ್ಲಿ ನಡೆಸುತ್ತದೆ. ಅದೂ ಸೋತರೆ ಹೃತ್ಕುಕ್ಷಿಯ ತಂತುಗಳು ೨೦ರಿಂದ ೪೦ರ ವೇಗದಲ್ಲಿ ಹೇಗೋ ಜೀವವನ್ನು ಹಿಡಿದುಕೊಂಡಿರುತ್ತವೆ. ನಿಮಿಷಕ್ಕೆ ೭೨ರಂತೆ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಲಕ್ಷಕ್ಕೂ ಮೀರಿದ ಬಡಿತಗಳಾದುವು.

ಈ ಗಂಟು ಕಾಣಿಸಿಕೊಂಡುದು ಯಾವ ಮಹಾನಗರದ ಪ್ರಯೋಗಶಾಲೆಯಲ್ಲಿಯೂ ಅಲ್ಲವೆಂಬುದನ್ನು ನಮ್ಮ ಗ್ರಾಮಾಂತರದ ವಿದ್ಯಾರ್ಥಿಗಳು ಗಮನಿಸಬೇಕು. ಇಂಗ್ಲೆಂಡಿನ ಹಳ್ಳಿಯೊಂದರ ಮನೆಯಲ್ಲಿ ಆರ್ಥರ್ ಕೀತ್ ಎಂಬ ಅಂಗರಚನಾಶಾಸ್ತ್ರಜ್ಞನೂ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯವಿದ್ಯಾರ್ಥಿಯೂ ಪ್ರಾಣಿಗಳ ಹೃದಯಗಳನ್ನು ಸೀಳಿ ಪರೀಕ್ಷಿಸುತ್ತಿದ್ದರು. ನೆಲದೊಳಗೆ ಬಿಲ ತೋಡಿ ಬಾಳುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ ಸೂಕ್ಷ್ಮದರ್ಶಕದ ಮೂಲಕ ಅದನ್ನು ಮೊದಲು ಕಂಡವನು ವಿದ್ಯಾರ್ಥಿಯಾದ ಫ್ಲ್ಯಾಕನೇ. ಇಬ್ಬರೂ ಅದನ್ನು ೧೯೦೭ರಲ್ಲಿ ಪ್ರಕಟಿಸಿದರು. ಮುಂದೆ ೧೯೨೮ರಲ್ಲಿ ಹಾಲೆಂಡಿನ ವಾನ್ ಡೆರ್ ಪೋಲ್ ಮತ್ತು ವಾನ್ ಡೆರ್ ಮಾರ್ಕ್ ಎಂಬುವರು ತುಂಬಿ ಬರಿದಾಗುವ ಮೂರು ವಿದ್ಯುನ್ಮಂಡಲಗಳನ್ನು ಜೋಡಿಸಿ ಹೃದಯದ ಬಡಿತವನ್ನೂ ಅದರ ಕೆಲವು ದೋಷಗಳನ್ನೂ ಅನುಕರಿಸಿ ತೋರಿಸಿದರು. ನಮ್ಮ ಮೂರು ಕರಟಗಳು ಅದೇ ವಂಶಕ್ಕೆ ಸೇರಿದುವು.

ಇದು ಎಂತಹ ನಾಯಕತ್ವ?

ಭಾಷಣಕಾರರ ಮಾತಿಗೆ ಮರಳೋಣ. ಹೃದಯದ ನಾಯಕನಾದ ಸೈನಸ್ ಗಂಟು ರಕ್ತವನ್ನು ನೂಕುವ ಕೆಲಸವನ್ನು ತಾನು ಮಾಡುವುದಿಲ್ಲ. ಆ ಶ್ರಮವೆಲ್ಲ ಹೃತ್ಕುಕ್ಷಿಗಳದು. ಅದರ ಹಿರಿಮೆ ಬಲದಿಂದ ಬಂದುದಲ್ಲ, ಉಳಿದವರಿಗಿಂತ ಒಂದು ಕ್ಷಣ ಮೊದಲು ಸಿದ್ಧವಾಗುವುದರಿಂದ ಬಂದುದು. ಅದರ ಹಿಂದೆ ಇರುವವರು ನಾಯಕತ್ವಕ್ಕೆ ಅಸಮರ್ಥರೂ ಅಲ್ಲ. ಸರದಿ ಬಂದಾಗ ನಡೆಸಬಲ್ಲವರು.

ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ ಆ ಗಂಟಿನ ಒಳಗೂ ಒಬ್ಬನೇ ಅರಸನಿಲ್ಲ. ಅಲ್ಲಿರುವ ಸಾವಿರಾರು ಕೋಶಗಳು ಒಂದನ್ನೊಂದು ಪ್ರಚೋದಿಸುತ್ತ ಹೊಂದಿಕೊಂಡು ಬಡಿಯುತ್ತವೆ. ಇದು ಹೇಗೆ ಸಾಧ್ಯವೆಂಬುದಕ್ಕೆ ಅಮೆರಿಕದ ಗಣಿತಜ್ಞ ಚಾರ್ಲ್ಸ್ ಪೆಸ್ಕಿನ್ ೧೯೭೫ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು. ಪರಸ್ಪರ ತಟ್ಟುವ ಇಂತಹ ಸಮಾನ ಘಟಕಗಳು, ಕೆಲವು ನಿಬಂಧನೆಗಳಿಗೆ ಒಳಪಟ್ಟು, ಎಲ್ಲಿಂದ ಆರಂಭಿಸಿದರೂ ಬಹುಮಟ್ಟಿಗೆ ತಪ್ಪದೆ ಒಂದೇ ಲಯಕ್ಕೆ ಬರುತ್ತವೆಂದು ಮಿರೊಲ್ಲೊ ಮತ್ತು ಸ್ಟ್ರೊಗಾಟ್ಸ್ ಎಂಬುವರು ೧೯೯೦ರಲ್ಲಿ ಸಾಧಿಸಿ ತೋರಿಸಿದರು. ನಾಯಕನ ಅಪ್ಪಣೆಯಿಲ್ಲದೆಯೂ ಒಮ್ಮತವು ಮೂಡಬಹುದು!

ಇಷ್ಟನ್ನು ತಿಳಿದ ಮೇಲೆ “ನಾಯಕನೇ ಹೃದಯ” ಎಂಬ ಮಾತನ್ನು ಅಧ್ಯಕ್ಷರು ಮೆಚ್ಚುವರೋ ಇಲ್ಲವೋ ಹೇಳಲಾರೆವು. ಆದರೆ ಒಂದು ಹೊಗಳಿಕೆಯ ಜಾಗದಲ್ಲಿ ಇನ್ನೊಂದು ನೀತಿಪಾಠವನ್ನು ಕೂರಿಸುವುದು ನಮ್ಮ ಉದ್ದೇಶವಲ್ಲ. ಏಕೆಂದರೆ ಈ ಹೋಲಿಕೆಗೆ ಇನ್ನೊಂದು ಮುಖವುಂಟು.

ಉಪಮೆಯ ಎಲ್ಲೆ

ಹೃತ್ಕುಕ್ಷಿಯಲ್ಲಿ ಗಾಯಗೊಂಡ ಒಂದು ಸಣ್ಣ ಭಾಗವು ಕೆಲವೊಮ್ಮೆ ನಿಮಿಷಕ್ಕೆ ೧೫೦ ಅಥವಾ ಅದಕ್ಕೂ ಹೆಚ್ಚು ಸಲ ಮಿಡಿಯತೊಡಗುತ್ತದೆ. ಆಗ ಕರಟದ ನಿಯಮಕ್ಕೆ ಅನುಸಾರವಾಗಿಯೇ ಅದು ನಾಯಕನಾಗುತ್ತದೆ. ರೋಗಿಯ ರಕ್ತದೊತ್ತಡ ಕುಸಿಯುತ್ತದೆ. ಒಳ್ಳೆಯ ನಾಯಕನನ್ನು ಗದ್ದುಗೆಗೆ ಏರಿಸಿದ ನಿಯಮವೇ ಕೆಟ್ಟವನನ್ನೂ ಏರಿಸಿತು. ಪ್ರಕೃತಿಯ ನಿಯಮಕ್ಕೆ ಗುಣದೋಷಗಳ ವಿವೇಚನೆಯಿಲ್ಲ.

ಇನ್ನೊಂದು ಬಗೆಯ ದೋಷ ಇದಕ್ಕಿಂತ ಭಯಂಕರವಾದುದು. ಹೃತ್ಕುಕ್ಷಿಯ ಕಂಪನವೆಂಬ ಸ್ಥಿತಿಯಲ್ಲಿ ಹೃದಯವು ಬಡಿಯದೆ ಅದುರುತ್ತದೆ. ಕೆಲವು ನಿಮಿಷಗಳಲ್ಲಿ ಚಿಕಿತ್ಸೆ ದೊರೆಯದಿದ್ದರೆ ಸಾವು ನಿಶ್ಚಯ. ಆಗ ನಾಯಕನು ಸತ್ತಿರುತ್ತಾನೆಯೆ? ಇಲ್ಲ, ಸೈನಸ್ ಗಂಟು ತನ್ನ ಪಾಡಿಗೆ ತಾನು ಮಿಡಿಯುತ್ತಲೇ ಇರಬಹುದು. ಕೆಟ್ಟಿರುವುದು ಅಲೆಯು ಹಾಯುವ ಮಾಧ್ಯಮ. ಬೇಸಿಗೆಯಲ್ಲಿ ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಒಣಹುಲ್ಲಿಗೆ ಬೆಂಕಿ ಬಿದ್ದುದನ್ನು ಕಂಡವರು ಬಲ್ಲರು: ಉರಿಯು ಮುಂದಕ್ಕೆ ಹೋಗುತ್ತದೆಯೇ ಹೊರತು ಸುಟ್ಟ ನೆಲದ ಮೇಲೆ ಹಿಂದಕ್ಕೆ ಬಾರದು. ಆದರೆ ಸುಟ್ಟ ಹುಲ್ಲು ಕ್ಷಣಾರ್ಧದಲ್ಲಿ ಮತ್ತೆ ಬೆಳೆದು ಒಣಗುವುದಾದರೆ? ನಡುವೆ ಒಂದು ಕಡೆ ಮುರಿದ ಉರಿಯ ಸಾಲು ಸುತ್ತಿಕೊಂಡು, ತನ್ನ ಬಾಲವನ್ನು ತಾನೇ ಅಟ್ಟುತ್ತ, ಎಂದೆಂದಿಗೂ ತಿರುಗುತ್ತಿರಬಹುದು. ಹೃದಯದ ಸ್ನಾಯುವಿನಲ್ಲಿ ಇಂತಹ ಸುರುಳಿಯಲೆಗಳೆದ್ದು, ಒಡೆದು ನೂರಾಗಿ, ಲಯವನ್ನು ನುಂಗಿಹಾಕುತ್ತವೆ.

ಇದು ಭೌತವಿಜ್ಞಾನದ ಸಮಸ್ಯೆಯೂ ಹೌದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಹುಲ್ ಪಂಡಿತ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಗಣಕಯಂತ್ರದ ಮಾದರಿಗಳಲ್ಲಿ ಅಭ್ಯಸಿಸಿದರು. ೨೦೦೧ರಲ್ಲಿ ಸಿತಾಭ್ರ ಸಿನ್ಹಾ, ಆಶ್ವಿನ್ ಪಾಂಡೆ ಅವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ, ಒಂದೇ ದೊಡ್ಡ ಆಘಾತದ ಬದಲು ಬಲೆಯಂತೆ ಹರಡಿದ ರೇಖೆಗಳ ಮೇಲೆ ಅಲ್ಪಪ್ರಮಾಣದ ವಿದ್ಯುತ್ತನ್ನು ಹಾಯಿಸಿ ಈ ಸುರುಳಿಗಳನ್ನು ಅಳಿಸಬಹುದೆಂದು ಮಾದರಿಯಲ್ಲಿ ತೋರಿಸಿದರು. ಅದು ಲೆಕ್ಕಾಚಾರದ ಫಲ, ಆಸ್ಪತ್ರೆಯ ಚಿಕಿತ್ಸೆಯಲ್ಲ. ಆದರೂ ನಾಯಕನು ಸರಿಯಾಗಿದ್ದಾಗಲೂ ಲಯವು ಕೆಡಬಹುದೆಂಬ ಮುಖ್ಯಾಂಶ ಅದರಲ್ಲಿದೆ. ಅಂತಹ ಕಡೆ ನಾಯಕನನ್ನು ಬದಲಾಯಿಸಿ ಪ್ರಯೋಜನವೇನು?

ಹೀಗೆ ಹೃದಯದಿಂದ ಒಂದು ನೀತಿಯನ್ನಲ್ಲ, ಹತ್ತು ನೀತಿಗಳನ್ನು ಹೊರಡಿಸಬಹುದು. ಒಂದಕ್ಕೊಂದು ವಿರುದ್ಧವಾದುವನ್ನೂ ಹೊರಡಿಸಬಹುದು. ಉಪಮೆಯು ದೀಪವೇ ಹೊರತು ತಕ್ಕಡಿಯಲ್ಲ. ಪ್ರಶ್ನೆಯನ್ನು ಅದು ಬೆಳಗಿಸುತ್ತದೆ, ಉತ್ತರವನ್ನು ತೂಗಲಾರದು. ತೂಗುವುದಕ್ಕೆ ಬೇರೆ ಸಾಧನ ಬೇಕು. ಆ ಸಾಧನವೇನೆಂಬುದನ್ನು ಹೃದ್ರೋಗದ ವೈದ್ಯರು ಬಹು ದುಬಾರಿ ಬೆಲೆ ತೆತ್ತು ಕಲಿತರು.

ಶಾಂತವಾದ ನಾಡಿ, ಹೆಚ್ಚಿದ ಸಾವು

ಹೃದಯಾಘಾತದಿಂದ ಬದುಕಿ ಉಳಿದವರಲ್ಲಿ ಹಲವರಿಗೆ ಹೃತ್ಕುಕ್ಷಿಯಿಂದ ಅಕಾಲದ ಮಿಡಿತಗಳು ಏಳುತ್ತವೆ. ಇಂತಹ ಮಿಡಿತಗಳು ಹೆಚ್ಚಾಗಿದ್ದವರು ಹೆಚ್ಚಾಗಿ ಹಠಾತ್ತನೆ ಸಾಯುವುದೂ ತಿಳಿದಿತ್ತು. ಅದರಿಂದ ಆ ಮಿಡಿತಗಳನ್ನು ಅಡಗಿಸಿದರೆ ಸಾವನ್ನೂ ತಡೆಯಬಹುದೆಂದು ವೈದ್ಯರು ತರ್ಕಿಸಿದರು. ತರ್ಕವು ಸೊಗಸಾಗಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ಮಿಡಿತಗಳನ್ನು ನಿಜವಾಗಿಯೂ ಅಡಗಿಸುತ್ತಿದ್ದುವು. ವಿದ್ಯುಲ್ಲೇಖದ ಕಾಗದದ ಮೇಲೆ ಗೆರೆಯು ಶಾಂತವಾಗುತ್ತಿತ್ತು. ವೈದ್ಯನಿಗೂ ರೋಗಿಗೂ ನೆಮ್ಮದಿಯಾಗುತ್ತಿತ್ತು.

ಇಷ್ಟರಿಂದ ತೃಪ್ತರಾಗದ ಕೆಲವರು ಅಮೆರಿಕದಲ್ಲಿ ಒಂದು ದೊಡ್ಡ ಪರೀಕ್ಷೆಯನ್ನು ನಡೆಸಿದರು. ಔಷಧಿಯಿಂದ ಮಿಡಿತಗಳು ಅಡಗುವ ರೋಗಿಗಳನ್ನೇ ಆರಿಸಿ, ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದರು. ೭೫೫ ಜನರಿಗೆ ಈ ಔಷಧಿಗಳನ್ನೂ, ೭೪೩ ಜನರಿಗೆ ನೋಡಲು ಹಾಗೆಯೇ ಇದ್ದು ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟರು. ಸರಾಸರಿ ಹತ್ತು ತಿಂಗಳಲ್ಲಿ ಹುಸಿಗುಳಿಗೆಯವರಲ್ಲಿ ೨೬ ಜನ ಸತ್ತಿದ್ದರು. ಔಷಧಿಯವರಲ್ಲಿ ೬೩ ಜನ! ಮೊದಲ ವರದಿ ೧೯೮೯ರಲ್ಲಿಯೂ ಪೂರ್ಣ ವರದಿ ೧೯೯೧ರಲ್ಲಿಯೂ ಹೊರಬಿದ್ದುವು. ನಾಡಿಯನ್ನು ಶಾಂತಗೊಳಿಸಿದ ಗುಳಿಗೆಯೇ ಕೊಲ್ಲುತ್ತಿತ್ತು. ಹೃದಯಾಘಾತವಾಗದ, ಬೇರೆ ಲಯದೋಷವುಳ್ಳ ಕೆಲವರಿಗೆ ಫ್ಲೆಕೈನೈಡ್ ಇಂದಿಗೂ ಉಪಯುಕ್ತವೇ. ಆದರೆ ಆ ರೋಗಿಗಳ ಪಾಲಿಗೆ ಅದು ವಿಷವಾಗಿತ್ತು.

ಇಲ್ಲಿ ಯೋಚಿಸತಕ್ಕ ವಿಷಯವೊಂದುಂಟು. ಹುಸಿಗುಳಿಗೆಯ ಪಂಗಡವೇ ಇಲ್ಲದಿದ್ದರೆ ಏನಾಗುತ್ತಿತ್ತು? ಹೃದಯಾಘಾತವಾದವರಲ್ಲಿ ಕೆಲವರು ಸಾಯುವುದು ಸಹಜ. ಸತ್ತವರನ್ನು ಕಂಡು “ರೋಗವೇ ಕೆಟ್ಟದು” ಎಂದೂ, ಬದುಕಿದವರನ್ನು ಕಂಡು “ಔಷಧಿಯಿಂದ ಉಳಿದರು” ಎಂದೂ ಹೇಳುತ್ತಿದ್ದರು. ಸೋಲೆಲ್ಲ ವಿಧಿಗೆ, ಗೆಲುವೆಲ್ಲ ಗುಳಿಗೆಗೆ! ಪಕ್ಕದಲ್ಲಿ ಹೋಲಿಕೆಯ ಪಂಗಡವಿದ್ದುದರಿಂದಲೇ ಸತ್ಯವು ಹೊರಬಿತ್ತು.

ಹೋಲಿಕೆಯ ವಿಧಾನವು ಒಮ್ಮೆ ತೀರ್ಪು ಕೊಟ್ಟು ಕೈಕಟ್ಟಿ ಕೂರುವುದೂ ಇಲ್ಲ. ವೃದ್ಧರಲ್ಲಿ ಸಾಮಾನ್ಯವಾದ ಹೃತ್ಕರ್ಣದ ಕಂಪನವೆಂಬ ದೋಷವನ್ನು ತೆಗೆದುಕೊಳ್ಳಿ. ಲಯವನ್ನೇ ಸರಿಪಡಿಸಲು ಯತ್ನಿಸುವುದು ಮೇಲೋ, ವೇಗವನ್ನಷ್ಟೇ ಹದದಲ್ಲಿಡುವುದು ಮೇಲೋ ಎಂದು ೪,೦೬೦ ರೋಗಿಗಳಲ್ಲಿ ಪರೀಕ್ಷಿಸಿ, ಆಯುಸ್ಸಿನ ಮಟ್ಟಿಗೆ ಮೊದಲನೆಯದರಿಂದ ಲಾಭವಿಲ್ಲವೆಂದು ೨೦೦೨ರಲ್ಲಿ ಕಂಡರು. ರೋಗವು ಹೊಸತಾಗಿರುವಾಗಲೇ ಲಯವನ್ನು ಸರಿಪಡಿಸುವುದರಿಂದ ಪಾರ್ಶ್ವವಾಯುವೇ ಮೊದಲಾದ ಕೇಡುಗಳು ಕಡಿಮೆಯಾಗುತ್ತವೆಂದು ೨೦೨೦ರ ಇನ್ನೊಂದು ಪರೀಕ್ಷೆ ತೋರಿಸಿತು. ಈ ದೋಷವಿರುವವರಿಗೆ ಪಾರ್ಶ್ವವಾಯುವಿನ ಭಯ ಹಲವು ಮಡಿ ಹೆಚ್ಚು. ಆದ್ದರಿಂದ ಮನೆಯ ಅಜ್ಜ ಅಜ್ಜಿಯರ ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ನೋಡುವುದು ಪ್ರತಿ ವಿದ್ಯಾರ್ಥಿಯೂ ಕಲಿಯಬೇಕಾದ ವಿದ್ಯೆ. ಬಡಿತಗಳ ಅಂತರದಲ್ಲಿ ಯಾವ ಕ್ರಮವೂ ಕಾಣದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಾಯಕನಿಗೆ ಹೋಲಿಕೆಯ ಪಂಗಡವೆಲ್ಲಿ?

ಇದೇ ಕಣ್ಣಿನಿಂದ ಈಗ ನಾಯಕತ್ವದ ಕಡೆಗೆ ನೋಡೋಣ. ಸಂಸ್ಥೆಯು ಏಳಿಗೆಯಾಯಿತು; ಆಗ ಇಂಥವರು ಅಧ್ಯಕ್ಷರಾಗಿದ್ದರು; ಆದುದರಿಂದ ಅವರೇ ಕಾರಣರು. ಸಾಮಾನ್ಯವಾಗಿ ನಡೆಯುವ ತರ್ಕವಿದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ಬಲ್ಲ ನಾಡಿನಲ್ಲಿ ಈ ತರ್ಕಕ್ಕೆ ಇಷ್ಟು ಮನ್ನಣೆ ಸಲ್ಲಬಾರದಿತ್ತು. ಜೇಮ್ಸ್ ಮೈಂಡ್ಲ್ ಮತ್ತು ಅವರ ಸಂಗಡಿಗರು ೧೯೮೫ರಲ್ಲಿ ಇದನ್ನೇ ಅಭ್ಯಸಿಸಿ, ಸಂಸ್ಥೆಯ ಗೆಲುವಾಗಲಿ ಸೋಲಾಗಲಿ ವಿಪರೀತವಾದಷ್ಟೂ ಜನರು ಬೇರೆ ಕಾರಣಗಳನ್ನು ಮರೆತು ನಾಯಕನ ಕಡೆಗೇ ಬೆರಳು ತೋರಿಸುವರೆಂದು ಕಂಡರು. ಈ ಮೋಹಕ್ಕೆ ಅವರು ‘ನಾಯಕತ್ವದ ರಮ್ಯಕಲ್ಪನೆ’ ಎಂಬರ್ಥದ ಹೆಸರಿಟ್ಟರು.

ನಮ್ಮ ತೆಂಗಿನ ಸೀಮೆಯಲ್ಲಿ ಈ ಮೋಹವು ಎಷ್ಟು ಸುಲಭವಾಗಿ ದಾರಿ ತಪ್ಪಿಸಬಲ್ಲುದೆಂಬುದನ್ನು ಲೆಕ್ಕಹಾಕಿ ನೋಡಬಹುದು. ತೆಂಗಿನ ಹೊಂಬಾಳೆ ಒಡೆಯುವುದಕ್ಕೆ ಸುಮಾರು ೩೨ ತಿಂಗಳು ಮೊದಲೇ ಅದರ ಅಂಕುರ ಮರದ ಸುಳಿಯೊಳಗೆ ಮೂಡಿರುತ್ತದೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಇನ್ನು ಹನ್ನೆರಡು ತಿಂಗಳು ಬೇಕು. ಒಟ್ಟು ೪೪ ತಿಂಗಳು! ಈ ನಡುವೆ ಯಾವ ಹಂತದಲ್ಲಿ ಬರ ಬಿದ್ದರೂ ಅದರ ಪೆಟ್ಟು ಮುಂದಿನ ಕೊಯಿಲುಗಳಲ್ಲಿ ಕಾಣಿಸುತ್ತದೆ. ತಿಪಟೂರಿನ ಉಂಡೆ ಕೊಬ್ಬರಿಗಾದರೋ ಬಲಿತ ಕಾಯಿಯನ್ನು ಅಟ್ಟದ ಮೇಲೆ ಮತ್ತೆ ಎಂಟರಿಂದ ಹನ್ನೆರಡು ತಿಂಗಳು ಒಣಗಲು ಬಿಡಬೇಕು. ಇಂದು ಮಾರುಕಟ್ಟೆಯ ಹರಾಜಿಗೆ ಬಂದ ಕೊಬ್ಬರಿಯ ಕಥೆ ನಾಲ್ಕೂವರೆ ವರ್ಷಗಳ ಹಿಂದೆ ಆರಂಭವಾಗಿತ್ತೆಂದಾಯಿತು.

ಸಹಕಾರ ಸಂಘದ ಆಡಳಿತ ಮಂಡಲಿಯ ಅವಧಿ ಐದು ವರ್ಷ, ಎಂದರೆ ೬೦ ತಿಂಗಳು. ಅಧಿಕಾರ ವಹಿಸಿಕೊಂಡ ಮೊದಲ ೪೪ ತಿಂಗಳು ಅವರು ಕಾಣುವ ಫಸಲೆಲ್ಲ ಹಿಂದಿನವರ ಕಾಲದಲ್ಲಿ ಸುಳಿಯೊಳಗೆ ಅಂಕುರಿಸಿದುದು. ಹಿಂದೆ ಬಿದ್ದ ಒಳ್ಳೆಯ ಮಳೆ ಇಂದಿನ ಅಧ್ಯಕ್ಷರಿಗೆ ಹಾರ ಹಾಕಿಸುತ್ತದೆ. ಹಿಂದಿನ ಬರವು ಇಂದಿನವರನ್ನು ಚುನಾವಣೆಯಲ್ಲಿ ಸೋಲಿಸುತ್ತದೆ. ಧಾರಣೆಯೂ ಸಂಘದ ಕೈಯಲ್ಲಿಲ್ಲ. ಬೆಂಬಲ ಬೆಲೆಯನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರ. ನುಸಿ ಪೀಡೆಯೂ ಕಪ್ಪುತಲೆ ಹುಳುವೂ ಯಾರ ಅಪ್ಪಣೆಯನ್ನೂ ಕೇಳಿ ಬರುವುದಿಲ್ಲ. ಹೀಗಿರುವಲ್ಲಿ ಒಬ್ಬ ಸಮರ್ಥನು ಅಪಕೀರ್ತಿ ಹೊತ್ತು ಮನೆಗೆ ಹೋಗುವುದೂ, ಒಬ್ಬ ಅಸಮರ್ಥನು ಮಳೆಯ ಪುಣ್ಯದಿಂದ ಮತ್ತೆ ಆರಿಸಿಬರುವುದೂ ಆಶ್ಚರ್ಯವಲ್ಲ. ನಷ್ಟವಾಗುವುದು ನೂರಾರು ಬೆಳೆಗಾರರ ಸಂಸಾರಗಳಿಗೆ.

“ಮನುಷ್ಯನು ಗುಳಿಗೆಯಲ್ಲ; ನಾಯಕನನ್ನು ಚೀಟಿ ಎತ್ತಿ ಹಂಚಲಾದೀತೆ?” ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ; ಆದರೆ ಪೂರ್ಣಸತ್ಯವಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬುವರು ಹತ್ತು ವರ್ಷದ ಹುಡುಗರ ಐದೈದು ಜನರ ಸಂಘಗಳನ್ನು ಕಟ್ಟಿ, ಅದೇ ಸಂಘವನ್ನು ಕೆಲವು ವಾರ ಒಂದು ಬಗೆಯ ನಾಯಕನ ಕೆಳಗೂ, ಮತ್ತೆ ಕೆಲವು ವಾರ ಇನ್ನೊಂದು ಬಗೆಯವನ ಕೆಳಗೂ ಇರಿಸಿ ನೋಡಿದರು. ೧೯೩೯ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಸರ್ವಾಧಿಕಾರದ ನಾಯಕನು ಎದುರಿಗಿರುವಾಗ ಹುಡುಗರು ಚೆನ್ನಾಗಿ ದುಡಿಯುತ್ತಿದ್ದರು. ಅವನು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಕುಸಿಯುತ್ತಿತ್ತು. ಎಲ್ಲರೊಡನೆ ಆಲೋಚಿಸಿ ನಡೆಸುವ ನಾಯಕನು ಹೊರಗೆ ಹೋದರೂ ಕೆಲಸ ಹೆಚ್ಚುಕಡಮೆ ಹಾಗೆಯೇ ಸಾಗುತ್ತಿತ್ತು. ಮುಖವಾಡ ಮುಂತಾದುವನ್ನು ಮಾಡುತ್ತಿದ್ದ ಹುಡುಗರ ಆಟದಿಂದ ಕಾರ್ಖಾನೆಯನ್ನು ಅಳೆಯಲಾಗದು, ನಿಜ. ಆದರೆ ಕೆಲಸಗಾರರು ಅವರೇ, ನಾಯಕ ಮಾತ್ರ ಬೇರೆ ಎಂಬ ಆ ವಿಧಾನದ ಬೆಲೆಯನ್ನು ಮಾತ್ರ ಯಾರೂ ಕಡೆಗಣಿಸಲಾರರು.

ಪ್ರಯೋಗ ಮಾಡಲಾಗದ ಕಡೆಯೂ ಹೋಲಿಕೆ ಸಾಧ್ಯ. ನಮ್ಮ ಮೂರು ತಾಲ್ಲೂಕುಗಳು ಅದಕ್ಕೆ ಹೇಳಿಮಾಡಿಸಿದಂತಿವೆ. ನೆರೆಹೊರೆಯ ಎರಡು ಸಂಘಗಳಿಗೆ ಮಳೆಯೂ ಬಹುಮಟ್ಟಿಗೆ ಒಂದೇ, ಧಾರಣೆಯೂ ಒಂದೇ, ಮರದ ತಳಿಯೂ ಒಂದೇ. ಆಡಳಿತ ಬದಲಾದ ಸಂಘವು ಬದಲಾಗದ ನೆರೆಯ ಸಂಘಕ್ಕಿಂತ ಎಷ್ಟು ಮುಂದೆ ಬಂದಿತು, ಎಷ್ಟು ಹಿಂದೆ ಬಿದ್ದಿತು ಎಂಬುದನ್ನು ನೋಡಬೇಕೇ ಹೊರತು, ಕಳೆದ ವರ್ಷಕ್ಕಿಂತ ಲಾಭ ಎಷ್ಟೆಂದಷ್ಟೇ ನೋಡಬಾರದು. ನೆರೆಯ ಸಂಘವೇ ಇಲ್ಲಿ ಹುಸಿಗುಳಿಗೆಯ ಪಂಗಡ.

ಹಾಗಾದರೆ ನಾಯಕನಿಂದ ಏನೂ ಆಗುವುದಿಲ್ಲವೆಂದು ನಾವು ಹೇಳುತ್ತಿ‍ದ್ದೇವೆಯೆ? ಎಂದಿಗೂ ಇಲ್ಲ. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್.ಎಲ್.ವಿ.-೩ ರಾಕೆಟ್ಟು ಸಮುದ್ರಕ್ಕೆ ಬಿದ್ದಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದ ಸತೀಶ್ ಧವನ್ ಅವರು ಪತ್ರಕರ್ತರ ಪ್ರಶ್ನೆಗಳಿಗೆ ತಾವೇ ಎದುರಾದರು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿದ್ದ ದೋಷವನ್ನು ಹುಡುಕಿ ತೆಗೆಯಲಾಯಿತು. ೧೯೮೦ರ ಜುಲೈ ೧೮ರಂದು ರೋಹಿಣಿ ಉಪಗ್ರಹ ಕಕ್ಷೆಯನ್ನು ಸೇರಿದಾಗ ಪತ್ರಕರ್ತರ ಮುಂದೆ ಮಾತನಾಡುವ ಗೌರವವನ್ನು ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರಿಗೆ ಬಿಟ್ಟುಕೊಟ್ಟರು. ಕಲಾಂ ಅವರೇ ಇದನ್ನು ಹಲವು ಸಲ ಸ್ಮರಿಸಿದ್ದಾರೆ. ಈ ಒಂದು ಘಟನೆಯಿಂದ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ಒಂದನ್ನು ಗಮನಿಸಬಹುದು: ಸೋಲಿನ ಹೊಣೆಯನ್ನು ಮೇಲಿನವರು ಹೊತ್ತರೆ ದೋಷವನ್ನು ಮುಚ್ಚಿಡುವ ಅಗತ್ಯ ಕೆಳಗಿನವರಿಗಿರುವುದಿಲ್ಲ. ಅಳತೆಗೆ ಹೆದರದ ವಾತಾವರಣವನ್ನು ಕಟ್ಟಿಕೊಡುವುದೇ ನಾಯಕನು ಮಾಡಬಹುದಾದ ಅತ್ಯಂತ ದೊಡ್ಡ ಕೆಲಸವೆಂದು ನಮಗೆ ತೋರುತ್ತದೆ.

ತರುಣರು ಮಾಡಬೇಕಾದುದು

ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರದವರು ಒಂದು ಕೋಣೆಯಲ್ಲಿ, ಪ್ರಾಣಿಶಾಸ್ತ್ರದವರು ಇನ್ನೊಂದರಲ್ಲಿ, ವಾಣಿಜ್ಯದವರು ಮತ್ತೊಂದು ಕಟ್ಟಡದಲ್ಲಿ ಕುಳಿತಿರುತ್ತಾರೆ. ಇವರೆಲ್ಲ ಒಂದು ವರ್ಷ ಕೂಡಿ ಕೆಲಸ ಮಾಡಲೆಂಬುದು ನಮ್ಮ ಸೂಚನೆ. ಕರಟಗಳ ಪ್ರಯೋಗವನ್ನು ಮಾಡಿ ಕಾಲವನ್ನು ಅಳೆಯಲಿ. ತಮ್ಮ ನಾಡಿಯನ್ನು ಎಣಿಸಿ ನಕ್ಷೆ ಬರೆಯಲಿ. ಸಹಕಾರ ಸಂಘಗಳ ಹತ್ತು ಹದಿನೈದು ವರ್ಷಗಳ ವಾರ್ಷಿಕ ವರದಿಗಳನ್ನು ಕೇಳಿ ಪಡೆಯಲಿ. ಮಳೆಯ ಅಂಕಿಗಳನ್ನು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದಲೂ, ತೆಂಗಿನ ವಿಷಯವನ್ನು ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಿಂದಲೂ ತಿಳಿದುಕೊಳ್ಳಲಿ. ಮೂರೂವರೆ ವರ್ಷ ಹಿಂದಿನ ಮಳೆಯನ್ನು ಇಂದಿನ ಫಸಲಿನ ಪಕ್ಕದಲ್ಲಿಟ್ಟು, ನೆರೆಯ ಸಂಘಗಳನ್ನು ಒಂದಕ್ಕೊಂದು ಹೋಲಿಸಿ, ನಾಯಕನ ಪಾಲಿಗೆ ನಿಜವಾಗಿ ಉಳಿಯುವುದೆಷ್ಟೆಂದು ಲೆಕ್ಕ ಹಾಕಲಿ. ಇದಕ್ಕೆ ಬೆಲೆಬಾಳುವ ಯಂತ್ರವಾಗಲಿ, ವಿದೇಶದ ಪದವಿಯಾಗಲಿ ಬೇಡ. ತಾಳ್ಮೆಯೂ ಪ್ರಾಮಾಣಿಕತೆಯೂ ಇದ್ದರೆ ಸಾಕು.

ಇನ್ನು ಮುಂದೆ ಯಾರಾದರೂ ಇಂಥವರಿಂದಲೇ ಸಂಸ್ಥೆ ಉಳಿಯಿತು ಅಥವಾ ಇಂಥವರಿಂದಲೇ ಕೆಟ್ಟಿತು ಎಂದರೆ ಮೂರು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬೇಕು. ಯಾರಿಗೆ ಹೋಲಿಸಿ ಹೇಳುತ್ತೀರಿ? ಈ ಫಲದ ಅಂಕುರ ಮೂಡಿದುದು ಯಾರ ಕಾಲದಲ್ಲಿ? ಅವರು ಕೋಣೆಯಿಂದ ಹೊರಗೆ ಹೋದಾಗ ಕೆಲಸ ಹೇಗೆ ನಡೆಯಿತು? ನಾಯಕನು ನಿಜವಾಗಿ ಯೋಗ್ಯನಾಗಿದ್ದರೆ ಈ ಪ್ರಶ್ನೆಗಳಿಂದ ಅವನ ಕೀರ್ತಿಗೆ ಕುಂದಿಲ್ಲ. ಪ್ರಶ್ನೆಗಳನ್ನು ಕೇಳುವವರೇ ಇಲ್ಲದ ಊರಿನಲ್ಲಿ ಮಾತ್ರ, ನಾಡಿಯನ್ನು ಶಾಂತಗೊಳಿಸಿ ಪ್ರಾಣವನ್ನು ತೆಗೆದ ಆ ಗುಳಿಗೆಯಂತಹ ನಾಯಕರು ಹಾರಗಳನ್ನು ಹೊತ್ತು ಬಹುಕಾಲ ಬಾಳುತ್ತಾರೆ.